ಪೌಲಾಳ ಸಾವಿಗೆ ಪುರಾವೆ ಕೇಳಿದವರಿಗೆ

ಹಳೆಯ ಕಡತಗಳ ಕಾವಲಿಗೆ ಕುಳಿತ ಮಾನ್ಯ ಅಧಿಕಾರಿಗಳೇ,

ನಾಜಿಗಳು ಕೊಂದ ಹುಡುಗಿಯ ಮರಣಪತ್ರವನ್ನು ಅವಳ ಅಕ್ಕನ ಹತ್ತಿರ ಕೇಳಿದವರು ನೀವು. ಅದನ್ನು ತಂದುಕೊಡಲಾಗದೆ ಆ ಅಕ್ಕ ಕಳೆದ ಆಗಸ್ಟಿನಲ್ಲಿ ತೀರಿಕೊಂಡರು. ಮೊನ್ನೆ ನಿಮ್ಮಿಂದ ಒಂದೇ ಸಾಲಿನ ಕಾಗದ ಬಂತು: ಅರ್ಜಿದಾರರು ಮೃತರಾದ ಕಾರಣ ವಿಷಯವನ್ನು ಮುಕ್ತಾಯಗೊಳಿಸಲಾಗಿದೆ. ಅವರು ಹೋದರೆಂದು ನಾನು ಫೋನಿನಲ್ಲಿ ಹೇಳಿದ್ದಷ್ಟೇ, ಈ ಸಾವನ್ನು ಪುರಾವೆಯಿಲ್ಲದೆ ನಂಬಿಬಿಟ್ಟಿರಿ. ಔದಾರ್ಯಕ್ಕೆ ವಂದನೆಗಳು. ಇಂಗ್ಲಿಷಿನಲ್ಲಿ ನಾಲ್ಕು ಸಲ ಬರೆದೆ, ನಿಮಗೆ ಅರ್ಥವಾಗಲಿಲ್ಲ. ಇದು ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಬೇಕಿದ್ದರೆ ಅನುವಾದ ಮಾಡಿಸಿಕೊಳ್ಳಿ.

ನಾನು ಗದಗಿನವಳು. ವೆಲಿಂಗ್ಟನ್ನಿನ ಪಕ್ಕದ ಪೊರಿರುವಾದಲ್ಲಿ ವಯಸ್ಸಾದವರ ಮನೆಗಳಿಗೆ ಹೋಗಿ ಸ್ನಾನ, ಊಟ, ಔಷಧಿ ನೋಡಿಕೊಳ್ಳುವ ಕೆಲಸ ನನ್ನದು. ಹೆರ್ಮಿನೆ ರೋಸ್ನರ್ ಅವರ ಮನೆಗೆ ಮೂರು ವರ್ಷ ಹೋದೆ. ಆಂಟಿ ಎನ್ನುತ್ತಿದ್ದೆ. ಅವರು ವಿಯೆನ್ನಾದ ಯೆಹೂದಿ. 1939ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಮನೆಕೆಲಸದವಳಾಗಿ ಪರವಾನಗಿ ಪಡೆದು ಈ ದೇಶಕ್ಕೆ ಬಂದರು. ಬಂದ ವಾರವೇ ಹದಿನಾರರ ತಂಗಿ ಪೌಲಾಳನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದರು. ‘ಇಲ್ಲ’ ಎಂದು ಉತ್ತರ ಬಂತು. ಕಾರಣ ಬರೆದಿರಲಿಲ್ಲ. ಮೂರು ವರ್ಷದ ನಂತರ ಪೌಲಾಳನ್ನು ರೈಲಿಗೆ ತುಂಬಿ ಪೂರ್ವಕ್ಕೆ ಒಯ್ದರು, ಕಾಡಿನೊಳಗೆ ಗುಂಡಿಯ ಅಂಚಿನಲ್ಲಿ ನಿಲ್ಲಿಸಿ ಕೊಂದರು.

ಆಂಟಿ ಮುಪ್ಪಿನಲ್ಲಿ ಇದನ್ನೆಲ್ಲ ಕಾದಂಬರಿಯಾಗಿ ಬರೆದರು. ಹೆಸರುಗಳನ್ನು ಬದಲಿಸಿದ್ದರು. ಕೈ ನಡುಗತೊಡಗಿದ ಮೇಲೆ ಅವರು ಹೇಳಿದರು, ನಾನು ಬರೆದುಕೊಂಡೆ. ಗುಂಡಿಯ ಅಧ್ಯಾಯ ಹೇಳುವಾಗ ಅವರ ದನಿ ನಡುಗಲಿಲ್ಲ. ಪೆನ್ನು ಕೆಳಗಿಟ್ಟು ಎದ್ದು ಹೋದವಳು ನಾನು. ಕೊನೆಗೆ ಬರೆಯಲು ಒಂದೇ ಪುಟ ಉಳಿಯಿತು: ವೆಲಿಂಗ್ಟನ್ನಿನ ಕಚೇರಿಯಲ್ಲಿ ಯಾರೋ ಪೌಲಾಳ ಅರ್ಜಿ ಓದಿ ‘ಇಲ್ಲ’ ಎಂದು ಬರೆಯುವ ಪುಟ. ಅದಕ್ಕಾಗಿ ನಿಮ್ಮಲ್ಲಿರುವ ಕಡತ ಬೇಕಿತ್ತು.

ನಿಮ್ಮ ನಿಯಮ ಬಲು ಸೊಗಸು. ಪೌಲಾಳ ಖಾಸಗಿತನ ಕಾಪಾಡಬೇಕಂತೆ, ಆದ್ದರಿಂದ ಅವಳ ಲಿಖಿತ ಒಪ್ಪಿಗೆ ತರಬೇಕು, ಇಲ್ಲವೇ ಮರಣಪತ್ರ ತರಬೇಕು. ಹುಡುಗಿಯ ಜೀವ ಕಾಪಾಡಲು ಒಲ್ಲದವರು ಅವಳ ಖಾಸಗಿತನವನ್ನು ಅರವತ್ತೇಳು ವರ್ಷ ಎಷ್ಟು ಜೋಪಾನ ಮಾಡಿದ್ದೀರಿ! ಆ ಗುಂಡಿಯ ಪಕ್ಕದಲ್ಲಿ ಮೇಜು ಹಾಕಿಕೊಂಡು ಮರಣಪತ್ರ ಬರೆದುಕೊಡುವ ಗುಮಾಸ್ತರಿದ್ದರೆಂದು ನಿಮಗೆ ಹೇಳಿದವರು ಯಾರು?

ಮೇ ತಿಂಗಳಲ್ಲಿ, ದೂರ ನಡೆಯಲಾಗದ ಆಂಟಿಯನ್ನು ಗಾಲಿಕುರ್ಚಿಯಲ್ಲಿ ನಿಮ್ಮ ಕೌಂಟರಿಗೆ ಕರೆತಂದೆ. ರೈಲಿಗೆ ಹತ್ತಿಸಿದವರ ಪಟ್ಟಿಯ ಪ್ರತಿಯನ್ನು ಅವರು ನಿಮ್ಮ ಮುಂದಿಟ್ಟರು. ಪೌಲಾಳ ಹೆಸರಿನ ಕೆಳಗೆ ಗೆರೆ ಎಳೆದಿದ್ದರು.

“ಇದು ರೈಲು ಹತ್ತಿದ್ದಕ್ಕೆ ದಾಖಲೆ ಮೇಡಂ, ಸತ್ತಿದ್ದಕ್ಕಲ್ಲ,” ಎಂದಿರಿ. “ಅಲ್ಲದೆ ನೀವು ಬರೀತಿರೋದು ಕಾದಂಬರಿ ತಾನೆ? ಕಾರಣ ನೀವೇ ಊಹಿಸಿಕೊಳ್ಳಬಹುದಲ್ಲ.”

“ಗುಂಡಿಯನ್ನ ಊಹಿಸಿದೀನಿ,” ಎಂದರು ಆಂಟಿ. “ಈ ಕಚೇರಿಯನ್ನ ಊಹಿಸೋಕೆ ನನ್ನಿಂದ ಆಗ್ತಿಲ್ಲ.”

ಆಗ ನಿಮಗೆ ಕರುಣೆ ಬಂತು. ಮುಂದಕ್ಕೆ ಬಾಗಿ, ಮೆಲ್ಲಗೆ ಹೇಳಿದಿರಿ: “ಯಾರಿಗೆ ಗೊತ್ತು, ನಿಮ್ಮ ತಂಗಿ ಎಲ್ಲಾದರೂ ಬದುಕಿರಲೂಬಹುದು.”

ಮಾನ್ಯರೇ, ಕೊಂದವರೂ ಆಂಟಿಗೆ ಇಷ್ಟು ದೊಡ್ಡ ಸುಳ್ಳು ಹೇಳಿರಲಿಲ್ಲ. ಕಾರಿನಲ್ಲಿ ಆಂಟಿ ಆ ಪಟ್ಟಿಯನ್ನು ಮತ್ತೆ ಬಿಡಿಸಿ ನೋಡಿದರು. ಆಮೇಲೆ ಕೇಳಿದರು, “ಅವರು ಸರ್ಕಾರದವರು. ಕಡತದಲ್ಲಿ ಏನೋ ನೋಡಿಯೇ ಹೇಳಿರಬೇಕು, ಅಲ್ವಾ?” ಅಲ್ಲ ಎಂದೆ. ನಂಬಲಿಲ್ಲ. ಮುಂದಿನ ವಾರ ಗುಂಡಿಯ ಅಧ್ಯಾಯದ ಹಾಳೆಗಳನ್ನು ತಾವೇ ಹರಿದುಹಾಕಿದರು. ಅರವತ್ತು ವರ್ಷ ಸಹಿಸಿ ಅರಗಿಸಿಕೊಂಡಿದ್ದ ಸಾವನ್ನು ನಿಮ್ಮ ಒಂದು ಒಳ್ಳೆಯ ಮಾತು ಕಿತ್ತುಕೊಂಡಿತು. ಫೋನ್ ಸದ್ದಾದರೆ ಸಾಕು, ಊರುಗೋಲನ್ನೂ ಮರೆತು ಓಡುತ್ತಿದ್ದರು. ಜುಲೈ ಕೊನೆಯಲ್ಲಿ ಒಂದು ಬೆಳಿಗ್ಗೆ ಹಾಗೆ ಓಡಿ ಬಿದ್ದರು, ಸೊಂಟ ಮುರಿಯಿತು. ಬಿದ್ದಲ್ಲಿಂದಲೇ ವೈರು ಎಳೆದು ರಿಸೀವರ್ ಕಿವಿಗಿಟ್ಟುಕೊಂಡರಂತೆ. ಮಾತಾಡಿದ್ದು ಕಾರ್ಪೆಟ್ ಮಾರುವವನು.

ಆಸ್ಪತ್ರೆಯಲ್ಲಿ ಹನ್ನೊಂದು ದಿನ ಬದುಕಿದ್ದರು. ಕೊನೆಯ ದಿನ, “ಪೌಲಾ ಫೋನ್ ಮಾಡಿದ್ಲಾ?” ಎಂದರು.

“ಮಾಡಿದ್ರು ಆಂಟಿ. ಹಡಗಿಗೆ ಟಿಕೆಟ್ ಸಿಕ್ಕಿದೆಯಂತೆ.”

“ಕೋಟು ತರೋಕೆ ಹೇಳು. ಇಲ್ಲಿ ಗಾಳಿ ಜಾಸ್ತಿ,” ಎಂದರು. ನಿಮ್ಮ ಸುಳ್ಳನ್ನು ನಾನೇ ಮುಂದುವರಿಸಿದೆ. ಅದಕ್ಕಾಗಿ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ. ನಿಮ್ಮನ್ನೂ ಇಲ್ಲ.

ಆಮೇಲೆ ನನ್ನ ಹೆಸರಿನಲ್ಲೇ ಅರ್ಜಿ ಹಾಕಿದೆ. ರಕ್ತಸಂಬಂಧಿಯಲ್ಲ ಎಂದಿರಿ. ಆಂಟಿಯ ರಕ್ತಸಂಬಂಧಿಗಳು ಎಲ್ಲಿದ್ದಾರೆಂದು ತಿಳಿಯದೆ ಹಾಗೆ ಬರೆದಿರೋ, ತಿಳಿದೇ ಬರೆದಿರೋ? ಈ ಪತ್ರ ಬರೆಯುವಾಗ ನನ್ನ ಗಂಡ ಮುಜಮ್ಮಿಲ್ ಹೇಳಿದರು, “ಸುಮ್ನಿರು ಅರ್ಶಿಯಾ. ನಮ್ಮ ರೆಸಿಡೆನ್ಸಿ ಪೇಪರ್ ಇನ್ನೂ ಸರ್ಕಾರದವರ ಕೈಯಾಗ ಐತಿ. ನಾಳೆ ನಮಗೂ ಇಲ್ಲ ಅಂದ್ರ ಏನ್ ಮಾಡ್ತಿ?”

“ಯಾಕಂತ ಕೇಳ್ತೀನಿ,” ಎಂದೆ.

ಹರಿದ ಅಧ್ಯಾಯವನ್ನು ನೆನಪಿನಿಂದ ಮತ್ತೆ ಬರೆದಿದ್ದೇನೆ. ಆಂಟಿ ಇದ್ದಿದ್ದರೆ ಬೇಡವೆನ್ನುತ್ತಿದ್ದರೇನೋ. ಈಗ ನನ್ನ ಬೇಡಿಕೆ ಕೇಳಿ. ಆ ಕಡತ ತೆರೆಯಿರಿ. ‘ಇಲ್ಲ’ ಎಂದು ಬರೆದ ಹಾಳೆಯ ಪ್ರತಿ ಕೊಡಿ. ಅದರ ಜೊತೆಗೆ, ಪೌಲಾ ರೋಸ್ನರ್ ಸತ್ತಿದ್ದಾಳೆ ಎಂದು ನಿಮ್ಮ ಕೈಯಾರೆ ಬರೆದು ಸಹಿ ಹಾಕಿ ಕೊಡಿ. ಕೊಡುವ ತನಕ ಪ್ರತಿ ಮಂಗಳವಾರ, ನನ್ನ ರಜೆಯ ದಿನ, ನಿಮ್ಮ ಕೌಂಟರಿನ ಎದುರು ಬಂದು ಕೂರುತ್ತೇನೆ. ಸಾಯುವವರ ಪಕ್ಕದಲ್ಲಿ ಕೂರುವುದೇ ನನ್ನ ಕಸುಬು. ನನಗೆ ಅವಸರವಿಲ್ಲ.

ಇಂತಿ,
ನಿಮ್ಮ ನಿಯಮದ ಪ್ರಕಾರ ಯಾರಿಗೂ ಏನೂ ಅಲ್ಲದ
ಅರ್ಶಿಯಾ
ಪೊರಿರುವಾ, ಅಕ್ಟೋಬರ್ 2006