ಅವ್ವನಿಗೆ ಹಿಡಿಸಿದ ಫೋಟೋ

ಹಾಲೇಶ,

ನಿನ್ನೆ ಬೆಳಿಗ್ಗೆ ಆನವಟ್ಟಿಗೆಂದು ಹೊರಟವನು ಬೈಕನ್ನು ನಮ್ಮೂರ ಕೆರೆಯ ಕಡೆ ತಿರುಗಿಸಿದೆ. ಫೋಟೋ ತೆಗೆಯಲು ನೀರಿಗಿಳಿದ ನೀನು ಮುಳುಗಿಹೋದ ಮೇಲೆ ಮನೆಯವರು ಯಾರೂ ಆ ದಾರಿ ತುಳಿದಿಲ್ಲ. ಏರಿಯ ಮೇಲೆ ನಿಲ್ಲಲಾಗದೆ ಸುತ್ತಿಕೊಂಡು ಆಚೆ ದಡಕ್ಕೆ ಹೋದೆ. ಕೆರೆ ತುಂಬ ತಾವರೆ ಅರಳಿದ್ದವು. "ಬಿಸಿಲೇರಿದ್ರೆ ಮುಚ್ಕೊಳ್ತವೆ, ಏಳೋ ಅಣ್ಣಾ" ಅಂತ ನೀನು ನನ್ನ ಹೊದಿಕೆ ಎಳೆಯುತ್ತಿದ್ದದ್ದು ಇದಕ್ಕೇ. ಆ ನೀರು ಅಷ್ಟು ಚೆಂದ ಇರಬಾರದಿತ್ತು. ಆದರೂ ಒಂದು ಫೋಟೋ ತೆಗೆದೆ. ಆ ಕಡೆಯಿಂದ ಏರಿಯೂ ಕಾಣುವುದಿಲ್ಲ, ತೂಬೂ ಕಾಣುವುದಿಲ್ಲ. ಬರೀ ಹೂವು, ನೀರು.

ಮಧ್ಯಾಹ್ನ ಊಟಕ್ಕೆ ಕೂತಾಗ ತಂಗಿ ಕರುಣಾ ನನ್ನ ಫೋನು ನೋಡುತ್ತಿದ್ದಳು. ಅವ್ವ ಪಕ್ಕದಿಂದ ಬಗ್ಗಿದಳು.

"ಎಷ್ಟು ಚೆಂದ ಐತೆ! ಎಲ್ಲಿದೋ ಇದು?"

"ಸೊರಬದ ಆಚೆ ಅವ್ವಾ. ದೂರ."

"ದೂರ ಆದ್ರೇನು? ಹೆಂಡ್ತಿನ ಕೂರಿಸ್ಕೊಂಡು ಊರೆಲ್ಲ ಸುತ್ತೀಯ, ನನ್ನೂ ಒಂದ್ಸಲ ಕರ್ಕೊಂಡು ಹೋಗು."

ಹಾಗೆಂದು ನಕ್ಕಳು. ನೀನು ಹೋದಮೇಲೆ ಅವ್ವ ನಕ್ಕದ್ದು ಅದೇ ಮೊದಲು. ಕರುಣಾ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಾಗಿತ್ತು. ಅರ್ಧ ಉಂಡ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಆ ಫೋಟೋ ತನ್ನ ಫೋನಿಗೂ ಬೇಕು ಅಂದಳು ಅವ್ವ. ಅವಳ ಫೋನಿನ ಪರದೆಯ ಮೇಲೆ ಇಷ್ಟು ದಿನ ನೀನಿದ್ದೆ.

"ಇವನ್ನ ನೋಡಿದಾಗೆಲ್ಲ ಅಳು ಬರ್ತೈತೆ ಕಣೋ. ಇದನ್ನೇ ಹಾಕ್ಕೊಡು."

ನಿನ್ನ ಮುಖ ತೆಗೆದು, ಆ ನೀರನ್ನು ನನ್ನ ಕೈಯಾರೆ ಹಾಕಿಕೊಟ್ಟೆ.