ಪ್ರಾರ್ಥನೆಗೆ ಅಂತ ಹೇಳಿದ್ದು

ಮಾರ್ಚ್ 3, ಮಂಗಳವಾರ

ಟೈಲರಮ್ಮನ ಕಾಲಿಗೆ ಡ್ರೆಸಿಂಗ್. ಇಪ್ಪತ್ತಮೂರನೇ ದಿನ. ಹಿಮ್ಮಡಿಯ ಹುಣ್ಣಿನ ಅಂಚಿನಲ್ಲಿ ಕೆಂಪು ಮಾಂಸ ಚಿಗುರುತ್ತಿದೆ. ಶುಗರ್ ಇರುವ ಮೈ, ನಾಲ್ಕು ದಿನ ಬಿಟ್ಟರೆ ಮತ್ತೆ ಕೀವು.

ಮೂವತ್ತು ವರ್ಷ ನರ್ಸಾಗಿದ್ದವಳು ನಾನು. ರಿಟೈರ್ ಆದ ಮೇಲೆ ಚರ್ಚಿನಲ್ಲಿ ಸೇವೆ ಎಂದು ಹೂ ಜೋಡಿಸಲು ಹೇಳಿದರು. ಹೂವಿಗೇನು ಕಾಯಿಲೆ? ಈ ಡ್ರೆಸಿಂಗ್ ಸೇವೆ ಕೇಳಿ ಪಡೆದೆ. ಟೈಲರಮ್ಮ ಚರ್ಚಿಗೆ ಬರುವವಳಲ್ಲ. "ನಿಮ್ಮ ದೇವ್ರಿಗೆ ನನ್ನ ಕಾಲೇ ಸಿಕ್ತಾ?" ಎನ್ನುತ್ತಾಳೆ.

ಇವತ್ತು ಕಟ್ಟು ಬಿಚ್ಚುವಾಗ ತಾನಾಗಿಯೇ ಬಾಯಿಬಿಟ್ಟಳು. ಹುಟ್ಟಿದ ಕೂಡಲೇ ತೀರಿಹೋಯಿತು ಎಂದು ಬೀದಿಗೆಲ್ಲ ಹೇಳಿದ್ದ ಹೆಣ್ಣುಮಗು ತೀರಿಹೋಗಿಲ್ಲ. ಆಸ್ಪತ್ರೆಯಲ್ಲೇ ಬಿಟ್ಟುಬಂದಳಂತೆ. "ಇದು ನಿನ್ನ ಹೊಟ್ಟೇಲೇ ಇರ್ಲಿ."

ಇರುತ್ತೆ ಎಂದೆ.

ಮಾರ್ಚ್ 4, ಸಂಜೆ

ಇಟ್ಟುಕೊಳ್ಳಲು ಆಗಲಿಲ್ಲ. ಅಕ್ಕನಿಗೆ ಹೇಳಿದೆ. ಹರಟೆಗಲ್ಲ — ಪ್ರಾರ್ಥನೆಗೆ. ಇಬ್ಬರೂ ಮೊಣಕಾಲೂರಿ ಅತ್ತೆವು. ಅಕ್ಕ ಅಂದರೆ ಬಾವಿ, ಬಿದ್ದದ್ದು ಮೇಲೆ ಬರುವುದಿಲ್ಲ. ಮನಸ್ಸು ಹಗುರ.

ಮಾರ್ಚ್ 8, ಭಾನುವಾರ, ಮಧ್ಯಾಹ್ನ

ಆರಾಧನೆಯಲ್ಲಿ... ಮೈಕಿನಲ್ಲಿ! "ನಮ್ಮ ಬೀದಿಯ ಟೈಲರ್ ಸಹೋದರಿ, ಹೆತ್ತ ಮಗುವನ್ನು ಬಿಟ್ಟುಬಂದ ಭಾರ ಹೊತ್ತಿದ್ದಾರೆ, ಪ್ರಾರ್ಥಿಸೋಣ." ಅಕ್ಕನೇ. ಕಣ್ಣು ಮುಚ್ಚಿಕೊಂಡು. ಇನ್ನೂರು ಜನ ಆಮೆನ್ ಎಂದರು.

ಗೇಟಿನ ಹತ್ತಿರ ಹಿಡಿದು ಕೇಳಿದೆ.

"ನಾನೇನು ಚಾಡಿ ಹೇಳಿದ್ನಾ? ಪ್ರಾರ್ಥನೆಗೆ ಇಟ್ಟೆ."

"ಅವಳ ಮಾನ ತಂದು ಬೀದೀಲಿಟ್ಟೆ."

"ಪ್ರೀತಿಯಿಂದ ಕಣೇ. ನೀನೇ ಅತ್ತಿರ್ಲಿಲ್ವಾ?"

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರಲಿ? ಒಂದೇ ಹೊಟ್ಟೆಯಲ್ಲಿ ಹುಟ್ಟಿದವಳು. ಹೊರಗಿನವರು ಯಾರೇ ಮಾಡಿದ್ದರೂ ಇಷ್ಟು ಉರಿಯುತ್ತಿರಲಿಲ್ಲ.

ಮಾರ್ಚ್ 9

ಟೈಲರಮ್ಮ ಬಾಗಿಲು ತೆಗೆಯಲಿಲ್ಲ. ತಟ್ಟಿದಾಗ ಒಳಗೆ ಮೆಷಿನ್ ಸದ್ದು ನಿಂತಿತು, ಅಷ್ಟೇ. ಮೆಟ್ಟಿಲ ಮೇಲೆ ನಮ್ಮ ಚರ್ಚಿನವರು ಯಾರೋ ಇಟ್ಟುಹೋದ ಹಣ್ಣಿನ ಬುಟ್ಟಿ. ಅದರಲ್ಲೊಂದು ಚೀಟಿ: ದೇವರು ಕ್ಷಮಿಸುತ್ತಾನೆ. ಚೀಟಿ ಹರಿದು ನನ್ನ ಬ್ಯಾಗಿಗೆ ಹಾಕಿಕೊಂಡೆ. ಅಕ್ಕನ ಫೋನ್ ಮೂರು ಸಲ. ಎತ್ತಲಿಲ್ಲ.

ಮಾರ್ಚ್ 13

ಆರು ದಿನದಿಂದ ಕಟ್ಟು ಬದಲಾಗಿಲ್ಲ. ಕಿಟಕಿಯ ಹತ್ತಿರ ನಿಂತರೆ ವಾಸನೆ. ಈ ಮೂಗು ಸುಳ್ಳು ಹೇಳುವುದಿಲ್ಲ. ಇನ್ನೂ ತಡವಾದರೆ ಪಾದವೇ ಹೋಗುತ್ತದೆ.

"ಬೈದುಬಿಡು, ಆದ್ರೆ ಕಾಲು ತೋರ್ಸು," ಬೇಡಿಕೊಂಡೆ. "ಅಕ್ಕ ಹೀಗೆ ಮಾಡ್ತಾಳೆ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ."

ಒಳಗಿನಿಂದ: "ನಿಮ್ಮಕ್ಕಂಗೆ ನಾನು ಹೇಳಿದ್ನಾ?"

ಐದು ದಿನ ಅಕ್ಕನನ್ನು ಬೈದು ಬೈದು ಸುಸ್ತಾಗಿದ್ದೆ. ನನ್ನನ್ನು ಯಾರೂ ಬೈದಿರಲಿಲ್ಲ, ನಾನೂ ಕೂಡ. ಮನೆಗೆ ಬಂದುಬಿಟ್ಟೆ.

ಮಾರ್ಚ್ 14, ಬೆಳಿಗ್ಗೆ

ಮುಚ್ಚಿದ ಬಾಗಿಲಿಗೇ ಹೇಳಿದೆ. "ನಾನೇ ಹೇಳಿದ್ದು. ಮಾತು ಕೊಟ್ಟ ಮಾರನೇ ದಿನಾನೇ ಹೇಳ್ದೆ."

ಚಿಲಕ ತೆಗೆದಳು. ಮುಖ ನೋಡಲಿಲ್ಲ. ಕುರ್ಚಿಯ ಮೇಲೆ ಕಾಲಿಟ್ಟು ಕೂತಳು. ಚಿಗುರಿದ್ದೆಲ್ಲ ಕರಗಿ ಕೀವಾಗಿದೆ. ತೊಳೆದೆ. ಆಸ್ಪತ್ರೆಗೆ ಹೋಗಲೇಬೇಕು ಎಂದೆ. ಸರಿ ಎನ್ನುವಂತೆ ತಲೆಯಾಡಿಸಿದಳು.

"ಪ್ರಾರ್ಥನೆಗೆ ಅಂತ..."

"ಮಾತಾಡ್ಬೇಡ. ಕಟ್ಟು."

ಕಟ್ಟಿದೆ. ಬಾಗಿಲಲ್ಲಿ ನಿಂತು, "ನಾಳೆ ಬರ್ಲಾ?"

"ಕಾಲಿಗೆ ಬಾ. ನನ್ನ ಹತ್ರ ಬರ್ಬೇಡ."

ಅದೇ ದಿನ, ಸಂಜೆ

ಹತ್ತಿ, ಗಾಜ್ ಬಟ್ಟೆ ತಂದಿಟ್ಟೆ. ಪ್ರಾರ್ಥನೆಗೆ ಕೂತೆ. ಅವಳ ಹೆಸರು ನಾಲಿಗೆಯ ತುದಿಗೆ ಬಂತು. ದೇವರ ಹತ್ತಿರವೂ ಅದನ್ನು ಹೇಳದೆ ಎದ್ದೆ.