ಬೆಲ್ಲಕ್ಕೆ ಬ್ಯಾನಿ ಇಲ್ಲ

ಮಸ್ಕಿ
೧೪ ಮಾರ್ಚ್ ೧೯೯೨

ಹೆತ್ತವಳಿಗೇ ಹುಕುಂ ಹೊರಡಿಸುವಷ್ಟು ದೊಡ್ಡವಳಾದ ಮಗಳು ಗ್ಯಾನಮ್ಮನಿಗೆ, ಅವ್ವನ ಆಶೀರ್ವಾದ.

ಇನ್ನು ಮೇಲೆ ಬಸ್ಸು ಹತ್ತಬೇಡ ಎಂದು ಬರೆದಿದ್ದೀ. ಮೆಟ್ರಿಕ್ ಪರೀಕ್ಷೆಗೆ ಲಿಂಗಸುಗೂರಿಗೆ ಹೊರಟಾಗ ನನ್ನಪ್ಪನೂ ಇದನ್ನೇ ಹೇಳಿದ್ದ. ಆಗ ಹೆಣ್ಣೆಂಬುದು ಕಾರಣ, ಈಗ ಸಕ್ಕರೆ ಕಾಯಿಲೆ. ಅವತ್ತು ಹೋಗಿ ಪಾಸಾಗಿ ಬಂದೆ. ಈಗಲೂ ಹೊರಟಿದ್ದೇನೆ. ೨೩ರ ಸೋಮವಾರ ಬೆಳಗಾವಿಯಲ್ಲಿ ಇಳಿಯುತ್ತೇನೆ.

ಸಿಂಧನೂರಿನಿಂದ ಬರುವಾಗ ಬಸ್ಸಿನಲ್ಲಿ ನಾನು ಕುಸಿದದ್ದನ್ನು ಯಾರೋ ನಿನಗೆ ಅರ್ಧ ಹೇಳಿದ್ದಾರೆ. ಪೂರ್ತಿ ಕೇಳು. ಇನ್ಸುಲಿನ್ ಸೂಜಿ ಹಾಕಿಕೊಂಡೇ ಹೊರಟಿದ್ದೆ, ಊಟ ಮಸ್ಕಿಯಲ್ಲಿ ಎಂದುಕೊಂಡು. ದಾರಿಯಲ್ಲಿ ಬಸ್ಸು ಕೆಟ್ಟಿತು. ರಕ್ತದಲ್ಲಿ ಸಕ್ಕರೆ ಇಳಿದು ಕೈ ನಡುಗಿತು, ಮೈಯೆಲ್ಲ ಬೆವರು. ಮುಂದಿನ ಸೀಟಿನ ಆಸೆಗೆ, ಹತ್ತುವಾಗಲೇ "ನನಗ ಸಕ್ಕರಿ ಬ್ಯಾನಿ ಐತಿ" ಎಂದು ಸಾರಿದ್ದೆ. ಅದೇ ಮುಳುವಾಯಿತು. ಯಾರದೋ ಚೀಲದಲ್ಲಿದ್ದ ಸಕ್ಕರೆ ಕೇಳಿದರೆ ಕಂಡಕ್ಟರ್ ಯಮನೂರಪ್ಪ ಅಡ್ಡ ಬಂದ.

"ಸಕ್ಕರಿ ಬ್ಯಾನಿಯಾಕಿಗೆ ಸಕ್ಕರಿ ತಿನಿಸಿ ನಾ ಜೇಲಿಗೆ ಹೋಗ್ಲೇನ್ರೀ?"

ಬಸ್ಸಿಗೆ ಬಸ್ಸೇ ಹೌದೆಂದಿತು. ನನಗೋ ನಾಲಿಗೆ ಹೊರಳದು. ಆಗ ಪಕ್ಕದಲ್ಲಿದ್ದ ಮೈಮುನಾಬಿ ಸಂತೆಯ ಗಂಟು ಬಿಚ್ಚಿದಳು.

"ಸಕ್ಕರಿ ಬ್ಯಾಡಂದ್ರ ಬಿಡ್ರಿ. ಬೆಲ್ಲಕ್ಕೇನು ಬ್ಯಾನಿ ಐತೇನು? ಬಾಯಿ ತೆಗಿ ಬೇ ಅಕ್ಕಾ!"

"ಅದೂ ಖರೇನ" ಎಂದ ಯಮನೂರಪ್ಪ. ಇಬ್ಬರಿಗೂ ಏನೂ ತಿಳಿದಿರಲಿಲ್ಲ, ನಾನು ಉಳಿದೆ.

ನನ್ನ ಸಿಟ್ಟು ಅವರ ಮೇಲಲ್ಲ. ಸಕ್ಕರೆ ಇಳಿಯುವುದೂ ಉಂಟೆಂದು ನಾನು ಪುಸ್ತಕ ಓದಿ ತಿಳಿಯಬೇಕಾಯಿತು. ಸೂಜಿ ಕೊಟ್ಟ ಡಾಕ್ಟರು ಹೇಳಲಿಲ್ಲ. ಹೋದ ವಾರ ಜಗಳಕ್ಕೇ ಹೋದರೆ, "ಪ್ರಯಾಣ ಬಿಟ್ಟುಬಿಡಿ" ಎಂದರು. ಮನುಷ್ಯರನ್ನು ಮನೆಯೊಳಗೆ ಕೂಡಿಹಾಕುವುದೂ ಒಂದು ಔಷಧವೇ?

ಇನ್ಸುಲಿನ್ ಬಾಟಲಿ ಥರ್ಮಾಸಿನಲ್ಲಿ ತಣ್ಣಗಿರುತ್ತದೆ. ರೊಟ್ಟಿ ಬುತ್ತಿ ತೊಡೆಯ ಮೇಲೆ, ಬೆಲ್ಲ ಸೆರಗಿನ ಗಂಟಿನಲ್ಲಿ. ಕೈಚೀಲದ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದೇನೆ: ಈ ಮುದುಕಿಯ ಕೈ ನಡುಗಿದರೆ ಮೊದಲು ಬೆಲ್ಲ ಕೊಡಿ, ಆಮೇಲೆ ವಾದ ಮಾಡಿ.

ಹೇಳಿದ ಮಾತು ಕೇಳದ
ನಿನ್ನ ಅವ್ವ,
ಸೂಗಮ್ಮ

ತಾ.ಕ.: ನಿನ್ನ ರಕ್ತ ಪರೀಕ್ಷೆಯ ಸಂಗತಿಯನ್ನು ಅಳಿಯಂದಿರು ಫೋನಿನಲ್ಲಿ ಹೇಳಿದರು. ನಿನಗೂ ಸೂಜಿ ಶುರುವಾದಂದಿನಿಂದ ನೀನು ಹೊಸ್ತಿಲು ದಾಟಿಲ್ಲವಂತೆ. ಬಸ್ಸು ಹತ್ತಬೇಡ ಎಂದು ನೀನು ಬರೆದದ್ದು ಯಾರಿಗೆಂದು ಆಗ ತಿಳಿಯಿತು. ತಿರುಗಿ ಬರುವಾಗ ನನ್ನ ಪಕ್ಕದ ಸೀಟು ನಿನ್ನದು. ಬೆಲ್ಲ ಇಬ್ಬರಿಗಾಗುವಷ್ಟು ಕಟ್ಟಿಕೊಂಡಿದ್ದೇನೆ.